ಡೆಂಗಿಯ ದಾಯಾದಿ

ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ನನಗೆ ಮಂಗನ ಕಾಯಿಲೆ ಬಂದಿತ್ತು. ಇಷ್ಟು ಬರೆಯುವುದಕ್ಕೂ ಕಿವಿ ಬಿಸಿಯಾಗುತ್ತದೆ. ಆಗ ನನ್ನ ಕೆಲಸ ಘಟ್ಟದ ಅಂಚಿನ ಒಂದು ಊರಿನಲ್ಲಿತ್ತು. ಬೇಸಿಗೆಯ ಶುರುವಿನಲ್ಲಿ ಹುಡುಗರಿಗೆ ಜರೀಗಿಡ ತೋರಿಸಲು ಕಾಡಿಗೆ ಹೋಗಿ, ತರಗೆಲೆಯ ಮೇಲೆ ಕೂತು ಬುತ್ತಿ ಬಿಚ್ಚಿದ್ದೆ. ಉಣ್ಣಿ ಕಚ್ಚಿದ್ದು ಗೊತ್ತೇ ಆಗಲಿಲ್ಲ. ಕೆಲವೇ ದಿನಗಳಲ್ಲಿ ಜ್ವರ, ತಲೆ ಸಿಡಿಯುವ ನೋವು, ವಸಡಿನಲ್ಲಿ ರಕ್ತ. ಆಸ್ಪತ್ರೆಯಲ್ಲಿ ಅವ್ವ ಪಕ್ಕದಲ್ಲೇ ಕೂತು ಬಾಯಿ ಒರೆಸುತ್ತಿದ್ದಳು.

ವಾಸಿಯಾಗಿ ತಂಬ್ರಹಳ್ಳಿಯ ಮನೆಗೆ ಬಂದಾಗ ಕೇಳಿದವರಿಗೆಲ್ಲ ಡೆಂಗಿ ಎಂದೆ. ಹಾಗೇ ಹೇಳಬೇಕೆಂದು ಅವ್ವನಿಗೂ ತಾಕೀತು ಮಾಡಿದೆ. ನಮ್ಮ ಕಡೆ ಮಂಗ ಎಂದರೆ ಹನುಮಪ್ಪ. ಕರೆಂಟಿನ ತಂತಿ ತಗುಲಿ ಒಂದು ಮಂಗ ಸತ್ತರೆ ಚಟ್ಟ ಕಟ್ಟಿ, ಕುಂಕುಮ ಹಚ್ಚಿ, ಭಜನೆ ಮಾಡುತ್ತ ಒಯ್ದು ಮಣ್ಣು ಮಾಡುತ್ತಾರೆ. ಅಂಥವರ ಮುಂದೆ ಮಂಗನ ಕಾಯಿಲೆ ಎಂದರೆ, ಹನುಮಪ್ಪನಿಗೆ ಏನು ಮಾಡಿದ್ದಿ, ಕಲ್ಲು ಹೊಡೆದಿದ್ದೇನು ಎಂದೇ ಕೇಳುತ್ತಾರೆ. ಕೇಳದವರು ಬೆನ್ನ ಹಿಂದೆ ನಗುತ್ತಾರೆ. ಮೇಷ್ಟ್ರಾದ ನನಗೆ ಎರಡೂ ಬೇಡವಾಗಿತ್ತು.

ಸುಳ್ಳಿಗೂ ನನ್ನ ಬಳಿ ಶಾಸ್ತ್ರವಿತ್ತು. ಈ ವೈರಸ್ಸೂ ಡೆಂಗಿಯ ವೈರಸ್ಸೂ ವಿಜ್ಞಾನದ ವಂಶಾವಳಿಯಲ್ಲಿ ಒಂದೇ ಮನೆತನದವು. ಫ್ಲಾವಿ ಎಂಬುದು ಆ ಮನೆತನದ ಹೆಸರು. ಹಳದಿ ಜ್ವರದ್ದೂ ಅಲ್ಲೇ ಹುಟ್ಟಿದ್ದು. ಎಲ್ಲಕ್ಕೂ ಕೊಬ್ಬಿನ ಹೊದಿಕೆ, ಒಳಗೆ ಆರ್‌ಎನ್‌ಎಯ ಒಂಟಿ ಎಳೆ. ಬೇರೆಯಾಗಿದ್ದು ಓಡಾಟದಲ್ಲಿ: ಡೆಂಗಿಯದು ಸೊಳ್ಳೆಯನ್ನು ಹಿಡಿಯಿತು, ನನ್ನದು ಉಣ್ಣಿಯನ್ನು. ಹಾಗಾದರೆ ದಾಯಾದಿಯ ಹೆಸರು ಹೇಳಿದ್ದು ಪೂರ್ತಿ ಸುಳ್ಳೇನಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪರೀಕ್ಷೆಯಲ್ಲಿ ಯಾವ ಹುಡುಗನಾದರೂ ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತುತ್ತಿದ್ದೆ.

ಆಮೇಲೆ ಹಗರಿಬೊಮ್ಮನಹಳ್ಳಿಗೆ ವರ್ಗವಾಯಿತು. ಹೋದ ವರ್ಷ ನೀಲಗುಂದದಲ್ಲಿ ತಂಗಿಯ ಮಗನ ಜವಳ. ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಕೂದಲಿಗೆ ಅವನೇ ಕತ್ತರಿ ಹಾಕಬೇಕು. ನನಗಿರುವುದು ಒಬ್ಬಳೇ ತಂಗಿ, ಅವಳಿಗೆ ನಾನೊಬ್ಬನೇ ಅಣ್ಣ. ನನ್ನ ಜ್ವರದ ನಿಜ ಬೀಗರಿಗೆ ಗೊತ್ತಾದರೆ ಈ ತೊಡೆ ಬೇಡ ಎಂದುಬಿಡುತ್ತಾರೆ ಎಂಬ ಹೆದರಿಕೆಯಲ್ಲೇ ಅವ್ವನ ಜೊತೆ ಬಸ್ಸಿಳಿದೆ.

ಅವತ್ತೇ ಬೆಳಿಗ್ಗೆ ಅವರ ಓಣಿಯ ಟ್ರಾನ್ಸ್‌ಫಾರ್ಮರ್ ಕೆಳಗೆ ಮಂಗವೊಂದು ಸತ್ತು ಬಿದ್ದಿತ್ತು. ಮೊಬೈಲಿನಲ್ಲಿ ಏನೇನೋ ನೋಡಿದ್ದ ಜನ ಮಂಗನ ಕಾಯಿಲೆ ಇದ್ದೀತೆಂದು ದೂರ ನಿಂತಿದ್ದರು. ತಂಗಿಯ ಅತ್ತೆ ನನ್ನನ್ನು ಕರೆಸಿದರು. ಮಂಗದ ಅಂಗೈ ಸುಟ್ಟಿತ್ತು. ಕರೆಂಟೇ ಹೊಡೆದಿದೆ ಎಂದೆ. ಅಷ್ಟಕ್ಕೆ ಸುಮ್ಮನಾಗದೆ, ಅವರ ಮನೆಯ ಕಟ್ಟೆಯ ಮೇಲೆ ಕೂತು ಪಾಠ ಶುರುಮಾಡಿದೆ. ಮೊಟ್ಟೆಯಿಂದ ಬಂದ ಉಣ್ಣಿಗೆ ಆರೇ ಕಾಲು. ಇಲಿಯ ರಕ್ತ ಕುಡಿದು ಪೊರೆ ಬಿಟ್ಟರೆ ಎಂಟಾಗುತ್ತವೆ. ಪೊರೆ ಹೋದರೂ ಆ ರಕ್ತದ ಜೊತೆ ಒಳಗೆ ಬಂದ ವೈರಸ್ಸು ಹೋಗುವುದಿಲ್ಲ. ಎಳ್ಳಿನಷ್ಟಿರುವ ಈ ಮರಿಯೇ ಹೆಚ್ಚಾಗಿ ಮನುಷ್ಯರನ್ನು ಕಚ್ಚುವುದು. ಮಂಗವೂ ನಮ್ಮ ಹಾಗೇ ಕಚ್ಚಿಸಿಕೊಂಡು ಸಾಯುವ ಬಡಪಾಯಿ, ಹೆಸರು ಮಾತ್ರ ಅದರದು. ಜನ ತಲೆದೂಗಿದರು. ನಾನೂ ಉಬ್ಬಿದೆ.

ಅತ್ತೆ ನಿಧಾನವಾಗಿ ಕೇಳಿದರು. “ಹಂಗಾರ ಆ ಬ್ಯಾನಿ ಒಬ್ರಿಂದ ಇನ್ನೊಬ್ರಿಗೆ ಹತ್ತಾದಿಲ್ಲನ್ರಿ, ಮಾಸ್ತರ್ರಾ?”

“ಇಲ್ರಿ ಅತ್ತಿ. ಮನುಷ್ಯಾಗ ಬಂದ್ರ ಅದಕ್ಕ ಮುಂದ ದಾರೀನಾ ಇಲ್ಲ.”

“ಬಂದು ಹೋದೋರ ಕೈಯಾಗ ಕೂಸು ಕೊಟ್ರ?”

“ಏನೂ ಆಗಲ್ರಿ.”

“ಅಂಥೋರ್ನ ನೀವು ನೋಡೀರೇನು?”

ಕೂಸಿನ ಹೊಸ ಅಂಗಿ ಮಡಚುತ್ತ ಅವ್ವ ಹೊಸ್ತಿಲಲ್ಲೇ ಕೂತಿದ್ದಳು. ತಲೆ ಎತ್ತಲಿಲ್ಲ.

“ಇಲ್ರಿ,” ಎಂದೆ. “ಪುಸ್ತಕದಾಗ ಓದೀನಿ.”

ಜನ ಮಂಗನನ್ನು ಭಜನೆಯೊಂದಿಗೆ ಹೊತ್ತೊಯ್ದರು. ಮಣ್ಣು ಮಾಡಿ ಬಂದು ಎಲ್ಲರೂ ಮೈ ತೊಳೆದ ಮೇಲೆ ಅಂಗಳದಲ್ಲಿ ಕಂಬಳಿ ಹಾಸಿದರು, ನಾನು ಕೂತೆ. ಅತ್ತೆ ತಾವೇ ಕೂಸನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿ, ಕತ್ತರಿ ಕೊಡುವ ನೆಪದಲ್ಲಿ ಬಗ್ಗಿದರು.

“ನೀವು ದವಾಖಾನ್ಯಾಗ ಇದ್ದಾಗ್ಲೇ ನಿಮ್ಮವ್ವ ಅಳ್ಕೋಂತ ಫೋನ್ ಮಾಡಿದ್ಲು. ಅವತ್ತಿಂದ ನಮಗೆಲ್ಲಾ ಗೊತ್ತೈತಿ. ನಿಮ್ ಬಾಯಿಂದಾನ ಬರ್ಲಿ ಅಂತ ಕೇಳ್ದೆ.”

ಭೂಮಿ ಬಾಯ್ಬಿಡಬಾರದೇ ಅನಿಸಿತು. ಗೊತ್ತಿದ್ದೂ ಇವರು ಕೂಸನ್ನು ನನ್ನ ಮಡಿಲಲ್ಲಿ ಕೂರಿಸಬೇಕೆಂದೇ ಇದ್ದರು. ಇವರನ್ನು ಅಷ್ಟು ಸಣ್ಣವರೆಂದುಕೊಂಡಿದ್ದು ನಾನು. ರೋಗಕ್ಕಿಂತ ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಕೂಸು ನನ್ನ ಮೀಸೆ ಹಿಡಿದು ಎಳೆಯುತ್ತಿತ್ತು. ಎತ್ತಲೋ ನೋಡುತ್ತ ಕತ್ತರಿ ಎತ್ತಿದೆ.

“ಸವಕಾಶ ರೀ, ಕೂಸಿಗೆ ತಗಲೀತು,” ಎಂದು ಅತ್ತೆ ನನ್ನ ಮಣಿಕಟ್ಟನ್ನು ತಮ್ಮ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಕೂದಲು ಕತ್ತರಿಸುವವರೆಗೂ ಬಿಡಲಿಲ್ಲ.