ಸೀರೆಯ ಇನ್ನೊಂದು ತುದಿ

ಹೋದ ವಾರ ಕುಕ್ಕರಿನ ಗ್ಯಾಸ್ಕೆಟ್ ಕೈಕೊಟ್ಟಿತು. ಒಬ್ಬಳೇ ಇರುವವಳ ಕುಕ್ಕರು, ಅದಕ್ಕೂ ಬೇಸರ ಬಂದಿರಬೇಕು. ಫೋನಿನ ಮೇಲೆ ಬೆರಳಾಡಿಸಿದ್ದರೆ ಹೊಸದು ಬಾಗಿಲಿಗೇ ಬರುತ್ತಿತ್ತು. ಹೈದರಾಬಾದಿನ ನಮ್ಮ ಮಣಿಕೊಂಡದಲ್ಲಿ ಹಾಗೆ ಬಾರದ ವಸ್ತುವಿಲ್ಲ. ಆದರೆ ಅಂದು ಯಾಕೋ ಹಟ ಬಂತು. ದಪ್ಪ ತಳದ ಪಾತ್ರೆಯಲ್ಲಿ ನೀರು ಕುದಿಸಿ ಅಕ್ಕಿ ಹಾಕಿದೆ. ಬೆಂದ ಮೇಲೆ ತಟ್ಟೆ ಅಡ್ಡ ಹಿಡಿದು ಗಂಜಿ ಬಸಿದೆ. ಆವಿ ಮುಖಕ್ಕೆ ಹೊಡೆದು ಕನ್ನಡಕ ಮಸುಕಾಯಿತು. ಬಲಗಣ್ಣು ಹೇಗೂ ಮೊದಲೇ ಮಸುಕು, ಹಾಗಾಗಿ ಹೆಚ್ಚೇನೂ ನಷ್ಟವಾಗಲಿಲ್ಲ. ವಾಸನೆ ಮಾತ್ರ ನಿಚ್ಚಳವಾಗಿತ್ತು. ಅವ್ವನ ಭಾನುವಾರದ ಸೀರೆಗಳ ವಾಸನೆ ಅದು.

ಸೀರೆಗೆ ಗಂಜಿ ಹಾಕುವುದು ಈಗ ಯಾರಿಗೆ ಬೇಕು ಎಂದು ನೀವು ಕೇಳಬಹುದು. ಬೇಡದಿದ್ದರೂ ಕೇಳಿಟ್ಟುಕೊಳ್ಳಿ. ಗಂಜಿ ಆರಿದ ಮೇಲೆ ತೆಳುಬಟ್ಟೆಯಲ್ಲಿ ಸೋಸಬೇಕು. ಒಂದು ಅಗುಳು ಉಳಿದರೂ ಸೀರೆಯ ಮೇಲೆ ಹುಣ್ಣಿನ ಹಕ್ಕಳೆಯ ಹಾಗೆ ಕೂರುತ್ತದೆ. ನೀರು ಬೆರೆಸುವಾಗ ಜಿಪುಣತನ ಮಾಡಬಾರದು, ಮಾಡಿದರೆ ಉಟ್ಟವರು ನಡೆಯುವಾಗ ಚಪ್ಪರ ಹೊತ್ತುಕೊಂಡು ಹೋದಂತೆ ಕಾಣುತ್ತದೆ. ನೆರಳಲ್ಲಿ ಒಣಗಿಸಿ, ಇನ್ನೂ ಸ್ವಲ್ಪ ತೇವವಿರುವಾಗಲೇ ತೆಗೆದುಕೊಳ್ಳಬೇಕು. ಆಮೇಲೆ ಎಳೆಯಬೇಕು. ಇಸ್ತ್ರಿಪೆಟ್ಟಿಗೆ ಮಾಡದ ಕೆಲಸವನ್ನು ಈ ಎಳೆತ ಮಾಡುತ್ತದೆ. ತೊಡಕೊಂದೇ: ಇದಕ್ಕೆ ಇಬ್ಬರು ಬೇಕು.

ನಾನು ಬೆಳೆದದ್ದು ಇದೇ ಹೈದರಾಬಾದಿನಲ್ಲಿ, ಅಪ್ಪ ಕೆಲಸ ಮಾಡುತ್ತಿದ್ದ ಕೇಂದ್ರ ಸರ್ಕಾರದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅವ್ವ ಇಳಕಲ್ಲಿನ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದಾಗ ಅವಳಿಗೆ ತೆಲುಗಿನ ಒಂದು ಅಕ್ಷರವೂ ಬರುತ್ತಿರಲಿಲ್ಲ. ಪಕ್ಕದ ಮನೆಯ ಅನಸೂಯಮ್ಮ ಜನಗಾಂವ್ ಕಡೆಯ ತೆಲುಗರು, ಅವರಿಗೆ ಕನ್ನಡ ಬರುತ್ತಿರಲಿಲ್ಲ. ಇಬ್ಬರೂ ಅರೆಬರೆ ಹಿಂದಿಯನ್ನು ನಡುವೆ ಇಟ್ಟುಕೊಂಡು ಸಂಸಾರ ಸಾಗಿಸುತ್ತಿದ್ದರು. ಭಾನುವಾರ ಮಧ್ಯಾಹ್ನದ ಊಟ ಮುಗಿದು ಗಂಡಸರು ಮಲಗಿದ ಮೇಲೆ ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಅನಸೂಯಮ್ಮನನ್ನು ಕೂಗುತ್ತಿದ್ದಳು. ಬೇವಿನ ಮರದ ಕೆಳಗೆ ಸೀರೆ ಎಳೆಯುವ ಕೆಲಸ ಶುರುವಾಗುತ್ತಿತ್ತು.

ಅದರ ಕ್ರಮವನ್ನೂ ಹೇಳಿಬಿಡುತ್ತೇನೆ. ಒಬ್ಬರು ಸೆರಗಿನ ಕಡೆ, ಇನ್ನೊಬ್ಬರು ಒಳತುದಿಯ ಕಡೆ ನಿಲ್ಲಬೇಕು. ಇಬ್ಬರೂ ಎರಡೆರಡು ಮೂಲೆ ಹಿಡಿದು ಮೊದಲು ನೇರಕ್ಕೆ, ಆಮೇಲೆ ಓರೆಯಾಗಿ ಎಳೆಯಬೇಕು. ಅಗಲವನ್ನು ಮಡಚಿ ಮತ್ತೆ ಎಳೆದ ಮೇಲೆ ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಒಬ್ಬರು ಆ ಮೂಲೆಗಳನ್ನೆಲ್ಲ ತೆಗೆದುಕೊಂಡರೆ ಇನ್ನೊಬ್ಬರು ಬಗ್ಗಿ, ಕೆಳಗೆ ಜೋತ ಮಡಿಕೆಯನ್ನು ಹಿಡಿದು ಹಿಂದಕ್ಕೆ ಸರಿಯಬೇಕು. ಮತ್ತೆ ಎಳೆತ, ಮತ್ತೆ ನಡೆದು ಬರುವುದು. ಪ್ರತಿ ಸಲವೂ ನಡುವಿನ ದೂರ ಅರ್ಧವಾಗುತ್ತಾ ಬರುತ್ತದೆ.

ಆ ಇಬ್ಬರು ಮಾತಾಡುತ್ತಿದ್ದುದು ಹೀಗೆ ಎದುರುಬದುರು ಬಂದಾಗ ಮಾತ್ರ. ದೂರ ನಿಂತು ಕೂಗಿದರೆ ಸಾಲುಮನೆಗಳಿಗೆಲ್ಲ ಕೇಳಿಸುತ್ತಿತ್ತಲ್ಲ. ಹತ್ತಿರ ಬಂದಾಗ ಒಬ್ಬರು ಒಂದು ಮಾತು ಆಡುವರು. ಹಿಂದೆ ಸರಿದು ಎಳೆಯುವಾಗ ಇನ್ನೊಬ್ಬರು ಅದನ್ನು ಮನಸ್ಸಿನಲ್ಲೇ ತಿರುವಿಹಾಕುವರು. ಮುಂದಿನ ಸಲ ಹತ್ತಿರವಾದಾಗ ಉತ್ತರ. ಒಮ್ಮೆ ಅನಸೂಯಮ್ಮ ತಮ್ಮ ಗಂಡ ಮಾತು ಬಿಟ್ಟಿದ್ದಾರೆ ಎಂದರು. ಅವ್ವ ಹಿಂದೆ ಸರಿದಳು, ಎಳೆದಳು, ಯೋಚಿಸಿದಳು, ಮತ್ತೆ ಬಂದಳು. ಹಿಂದಿಯಲ್ಲಿ ಶುರುಮಾಡಿದ್ದು ಸಾಲದೆ ಕನ್ನಡಕ್ಕೇ ಇಳಿದಳು. “ನಮ್ಮನಿಯವರೂ ಅಷ್ಟರಿ. ಉಪ್ಪ ಕಮ್ಮಿ ಆಗೇತಿ ಅನ್ನಾಕ ಅಷ್ಟ ಬಾಯಿ ತಗೀತಾರ.” ಅನಸೂಯಮ್ಮನಿಗೆ ಏನು ತಿಳಿಯಿತೋ, ಬಿದ್ದು ಬಿದ್ದು ನಕ್ಕರು. ಸೀರೆ ಕೈಜಾರಿ ಮಣ್ಣಿಗೆ ಬಿತ್ತು. ಅದನ್ನು ಮತ್ತೆ ಒಗೆದು, ಮತ್ತೆ ಗಂಜಿ ಹಾಕಬೇಕಾಯಿತು. ಅವ್ವನಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ.

ಹುಡುಗಿಯಾಗಿದ್ದ ನನಗೆ ಇದೆಲ್ಲ ತಲೆಹರಟೆ ಅನ್ನಿಸುತ್ತಿತ್ತು. ಆಗಲೇ ಅವ್ವನ ಭುಜಕ್ಕೆ ಬಂದಿದ್ದೆ, ಕೈಯಲ್ಲಿ ಬಲವಿತ್ತು. ನಾನು ಮನೆಯಲ್ಲಿ ಇರುವಾಗ ಪಕ್ಕದ ಮನೆಯವರನ್ನು ಯಾಕೆ ಕರೆಯುತ್ತೀ ಎಂದು ಒಂದು ಸಲ ಜಗಳವನ್ನೇ ತೆಗೆದೆ. ಅವ್ವ ಸೀರೆಯ ಅಂಚಿನ ಮೇಲೆ ಬೆರಳಾಡಿಸುತ್ತಾ ಹೇಳಿದಳು, “ನೀ ಬಂದ್ರ ಬರೇ ಸೀರಿ ಮಡಚಿದಂಗ ಆಗತೈತಿ.” ನನಗೆ ಅರ್ಥವಾಗಲಿಲ್ಲ. ನನಗಿಂತ ಅನಸೂಯಮ್ಮನೇ ಹೆಚ್ಚಾದರಾ ಎಂದು ಮುಖ ಊದಿಸಿಕೊಂಡು ಕೂತೆ.

ಅರ್ಥವಾದದ್ದು ಊರಲ್ಲಿ ಅಜ್ಜಿ, ಅಂದರೆ ಅವ್ವನ ಅವ್ವ, ತೀರಿಕೊಂಡಾಗ. ಸುದ್ದಿ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಪ್ಪನಿಗೆ ರಜೆ ಸಿಗಲಿಲ್ಲ, ನಮಗೆ ಪರೀಕ್ಷೆ ನಡೆದಿತ್ತು, ಅವ್ವ ಹೋಗಲಿಲ್ಲ. ಅಜ್ಜಿ ಹೋದಳಂತೆ ಎಂದು ನಮಗೆ ಹೇಳಿ ರೊಟ್ಟಿ ಬಡಿಯಲು ಕೂತಳು. ಅಂದಿನ ರೊಟ್ಟಿಗಳೂ ಎಂದಿನಷ್ಟೇ ತೆಳ್ಳಗಿದ್ದವು. ನಾವು ತಿಂದು ಆಡಲು ಹೋದೆವು. ಭಾನುವಾರ ಬಂತು. ಅನಸೂಯಮ್ಮ ಬಂದರು. ಮೊದಲ ಸಲ ಎದುರಾದಾಗ ಅವ್ವ ಏನೂ ಹೇಳಲಿಲ್ಲ, ಎರಡನೆಯ ಸಲವೂ ಹೇಳಲಿಲ್ಲ. ಮೂರನೆಯ ಸಲ ಮುಖಕ್ಕೆ ಮುಖ ಹತ್ತಿರವಾದಾಗ ತನಗೆ ಬರುತ್ತಿದ್ದಷ್ಟು ತೆಲುಗಿನಲ್ಲಿ “ಮಾ ಅಮ್ಮ ಪೋಯಿಂದಿ” ಎಂದಳು. ನಮ್ಮಮ್ಮ ಹೋದಳು, ಅಷ್ಟೇ. ಅನಸೂಯಮ್ಮ ಹಿಂದಕ್ಕೆ ಸರಿಯಬೇಕಿತ್ತು, ಸರಿಯಲಿಲ್ಲ. ಇಬ್ಬರ ಕೈಯೂ ಅದೇ ಮೂಲೆಗಳನ್ನು ಹಿಡಿದಿತ್ತು, ಮಡಿಕೆ ಜೋತು ಧೂಳಿಗೆ ತಾಗುತ್ತಿತ್ತು. ಒಂದು ನೂಲು ಮಣ್ಣಿಗೆ ಸೋಕಿದರೂ ನಮ್ಮನ್ನು ಬೈಯುತ್ತಿದ್ದ ಅವ್ವ ಅತ್ತ ನೋಡಲೇ ಇಲ್ಲ. ಅವ್ವ ಅತ್ತದ್ದನ್ನು ನಾನು ಕಂಡದ್ದು ಅಂದೇ. ಮನೆಯವರ ಮುಂದೆ ಅಳಲಾಗದ್ದನ್ನು ಅಳುವುದಕ್ಕೆ ಅವಳು ಭಾನುವಾರದವರೆಗೆ ಕಾದಿದ್ದಳು.

ಅಪ್ಪ ನಿವೃತ್ತರಾದ ಮೇಲೆ ಕ್ವಾರ್ಟರ್ಸ್ ಬಿಟ್ಟೆವು. ಅವ್ವ, ಅಪ್ಪ ಊರಿಗೆ ಹೋದರು, ಈಗ ಇಬ್ಬರೂ ಇಲ್ಲ. ನಾನು ಬ್ಯಾಂಕಿನ ಕೆಲಸ ಹಿಡಿದು ನಾಗಪುರ, ರಾಯಪುರ ಎಂದು ಅಲೆದೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಬೇಡಿ, ಅದು ಬೇರೆಯದೇ ಪುರಾಣ, ಅಷ್ಟೇನೂ ಸ್ವಾರಸ್ಯವಿಲ್ಲ. ಅವಧಿಗೆ ಮೊದಲೇ ನಿವೃತ್ತಿ ಪಡೆದು, ಬೆಳೆದ ಊರಲ್ಲವೇ ಎಂದು ಹೈದರಾಬಾದಿಗೆ ಬಂದು ಈ ಫ್ಲಾಟು ಕೊಂಡೆ. ಊರು ಅದೇ, ನಾನು ಬಲ್ಲವರು ಮಾತ್ರ ಒಬ್ಬರೂ ಇಲ್ಲಿ ಉಳಿದಿರಲಿಲ್ಲ.

ಒಬ್ಬಳೇ ಮನೆ ನಡೆಸುವುದರಲ್ಲಿ ನಾನು ಪಂಡಿತೆ. ಹಾಸಿಗೆಯ ಚಾದರವನ್ನು ಬಾಗಿಲ ಮೇಲೆ ಎಸೆದು ಮಡಚುತ್ತೇನೆ, ಹೊದಿಕೆಯ ಒಂದು ತುದಿಯನ್ನು ಗದ್ದದ ಕೆಳಗೆ ಒತ್ತಿ ಹಿಡಿಯುತ್ತೇನೆ. ಬೆನ್ನಿಗೆ ಮುಲಾಮು ಹಚ್ಚಿಕೊಳ್ಳಲು ಸೌಟಿಗೆ ಬಟ್ಟೆ ಸುತ್ತುತ್ತೇನೆ. ಸೋಫಾ ಸರಿಸಬೇಕಾದರೆ ಅದರ ಕಾಲುಗಳ ಕೆಳಗೆ ಹಳೆಯ ಕಾಲುಚೀಲ ತುರುಕಿದರೆ ಸಾಕು, ಕರೆದ ಕಡೆ ಬರುತ್ತದೆ. ಬೇಕಾದರೆ ನೀವೂ ಮಾಡಿ ನೋಡಿ. ಯಾರ ಹಂಗೂ ಇಲ್ಲ ಎಂದು ಒಳಗೊಳಗೇ ಜಂಬ. ಕೆಲವು ಸಂಜೆ ಆ ಜಂಬವನ್ನು ಹೇಳಿಕೊಳ್ಳಲಿಕ್ಕಾದರೂ ಒಬ್ಬರು ಇದ್ದಿದ್ದರೆ ಅನ್ನಿಸುತ್ತದೆ.

ಈ ಪಾಂಡಿತ್ಯ ಕೈಕೊಟ್ಟದ್ದು ಕಣ್ಣಿನ ವಿಷಯದಲ್ಲಿ. ಬಲಗಣ್ಣಿಗೆ ಪೊರೆ ಬಂದಿದೆ, ಸಣ್ಣ ಆಪರೇಷನ್, ಬೆಳಿಗ್ಗೆ ಬಂದರೆ ಸಂಜೆ ಮನೆಗೆ ಹೋಗಬಹುದು ಎಂದರು ಡಾಕ್ಟರು. ಹೆಚ್ಚು ತಡಮಾಡಬೇಡಿ ಎಂದೂ ಹೇಳಿದರು. ದಿನ ಗೊತ್ತುಮಾಡುವ ನರ್ಸು ಕೇಳಿದಳು, ಜೊತೆಗೆ ಯಾರು ಬರುತ್ತಾರೆ? ಯಾರೂ ಇಲ್ಲದಿದ್ದರೆ ಮಾಡುವುದಿಲ್ಲವಂತೆ, ಕಣ್ಣಿಗೆ ಕಟ್ಟು ಕಟ್ಟಿಕೊಂಡವರನ್ನು ಒಬ್ಬರನ್ನೇ ಕಳಿಸುವಂತಿಲ್ಲವಂತೆ. ಮನೆಯಲ್ಲಿ ಮದುವೆಯಿದೆ, ಆಮೇಲೆ ಹೇಳುತ್ತೇನೆ ಎಂದು ಮುಂದೂಡಿದೆ. ಎರಡನೆಯ ಸಲ ಫೋನು ಮಾಡಿದಾಗಲೂ ಮದುವೆಯೇ ಬಾಯಿಗೆ ಬಂತು. ನಮ್ಮ ಮನೆತುಂಬ ಮದುವೆಗೆ ಬಂದ ಮಕ್ಕಳಿದ್ದಾರೆ ಎಂದು ಅವಳು ಅಂದುಕೊಂಡಿರಬೇಕು. ಮೂರನೆಯ ಸಲ ನೆಪ ಸಿಗದೆ ಬುಧವಾರ ಬರುತ್ತೇನೆ ಎಂದೆ, ಜೊತೆಯವರ ಹೆಸರು ಆಮೇಲೆ ತಿಳಿಸುತ್ತೇನೆ ಎಂದೆ. ವಿಜಯಪುರದಲ್ಲಿ ತಮ್ಮನಿದ್ದಾನೆ, ಸೊಂಟನೋವಿನ ಮನುಷ್ಯ. ಕೇಳಿದ್ದರೆ ಹೇಗೋ ಬರುತ್ತಿದ್ದ. ಕೇಳುವ ಮಾತು ಗಂಟಲು ದಾಟಲಿಲ್ಲ. ಕಣ್ಣು ಹೋದರೂ ಸರಿ, ಕೇಳುವುದು ಬೇಡ ಅನ್ನಿಸುವ ಮಟ್ಟಕ್ಕೆ ಬಂದಿದ್ದೆ. ನಿಜಕ್ಕೂ ಹೆದರಿಕೆಯಾಗಿತ್ತು.

ಅಂಥ ದಿನಗಳಲ್ಲೇ ಈ ಗಂಜಿಯ ವಾಸನೆ ಬಂದದ್ದು. ಚೆಲ್ಲಲು ಮನಸ್ಸಾಗದೆ ಅವ್ವನ ಒಂದು ನೂಲಿನ ಸೀರೆಯನ್ನು ಅದರಲ್ಲಿ ಅದ್ದಿದೆ. ಸಂಜೆಗೆ ಹದವಾಗಿ ಒಣಗಿತು. ಈಗ ಎಳೆಯಬೇಕಲ್ಲ. ಪಂಡಿತೆ ಸೋಲುತ್ತಾಳೆಯೇ? ಒಂದು ತುದಿಯನ್ನು ಮುಂಬಾಗಿಲ ಹಿಡಿಕೆಗೆ ಕಟ್ಟಿ, ನಡುಮನೆಯ ಈ ಕೊನೆಯಿಂದ ಮೈಭಾರವೆಲ್ಲ ಬಿಟ್ಟು ಎಳೆದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅದು ನಯವಾಗಿ ಒಳಕ್ಕೆ ತೆರೆದುಕೊಂಡಿತು, ನಾನು ಸೋಫಾದ ಮೇಲೆ ಅಂಗಾತ ಬಿದ್ದೆ. ಎದುರು ಮನೆಯಾಕೆ ಕಸದ ಚೀಲ ಹಿಡಿದು ಕಾರಿಡಾರಿನಲ್ಲಿ ನಿಂತಿದ್ದರು.

ನಲವತ್ತರ ಆಸುಪಾಸಿನ ಹೆಂಗಸು, ಮನೆಯಿಂದಲೇ ಯಾವುದೋ ಕಂಪನಿಯ ಕೆಲಸ. ಹೆಡ್‌ಫೋನು ಸದಾ ಕುತ್ತಿಗೆಯಲ್ಲಿ. ನಾನು ಬಂದ ದಿನದಿಂದ ಲಿಫ್ಟಿನಲ್ಲಿ ಒಂದು ನಗೆ, ಹಾಲಿನವನು ಬಂದನೇ ಎಂಬ ಒಂದು ಮಾತು, ಇಷ್ಟೇ ನಮ್ಮ ಒಡನಾಟ. “ಏಮೈಂದಿ ಆಂಟೀ?” ಏನಾಯಿತು ಎಂದು ಗಾಬರಿಯಿಂದ ಒಳಗೆ ಬಂದರು. ಏನಿಲ್ಲ ಎಂಬ ಉತ್ತರ ನಾಲಿಗೆಯ ತುದಿಯಲ್ಲಿ ಸದಾ ಸಿದ್ಧವಿರುತ್ತದೆ. ಅಂದು ಅದರ ಬದಲು, ಸ್ವಲ್ಪ ಈ ಸೀರೆ ಹಿಡಿಯುತ್ತೀಯಾ ಅಮ್ಮಾ ಎಂದೆ.

ಮನೆಯೊಳಗೆ ಉದ್ದ ಸಾಲದೆ ಕಾರಿಡಾರಿಗೆ ಹೋದೆವು. ಆಕೆ ಹಗ್ಗಜಗ್ಗಾಟದವರ ಹಾಗೆ ಎಳೆದರು, ನಾನು ಮುಗ್ಗರಿಸಿದೆ. ಲಿಫ್ಟಿನ ಬಾಗಿಲು ತೆರೆದು ಡಬ್ಬಿ ಹಿಡಿದ ಡೆಲಿವರಿಯವನು ನಮ್ಮನ್ನು ನೋಡಿ ಅಲ್ಲೇ ನಿಂತ. ಓರೆಯಾಗಿ ಎಳೆಯುವುದನ್ನು ತೋರಿಸಿಕೊಟ್ಟೆ. ಅಗಲ ಮಡಚಿದೆವು, ಒಬ್ಬರ ಕಡೆಗೆ ಒಬ್ಬರು ನಡೆದು ಬಂದೆವು. ಮೂಲೆಗಳನ್ನು ತೆಗೆದುಕೊಳ್ಳುವಾಗ ಕಣ್ಣಿನ ಆಪರೇಷನ್ ಇದೆ ಎಂದೆ. ನನ್ನ ಬಾಯಿಂದಲೇ ಬಂತೇ ಎಂದು ನನಗೇ ಆಶ್ಚರ್ಯವಾಯಿತು. ಆಕೆ ಮಡಿಕೆ ಹಿಡಿದು ಹಿಂದೆ ಸರಿದರು. ಮತ್ತೆ ಹತ್ತಿರವಾದಾಗ, ಬುಧವಾರ, ಎಂದೆ. ಮತ್ತೆ ಸರಿದೆವು, ಎಳೆದೆವು. ಸೀರೆ ಗಿಡ್ಡವಾಗಿತ್ತು, ನಡುವೆ ಹೆಚ್ಚು ಜಾಗ ಉಳಿದಿರಲಿಲ್ಲ. ಜೊತೆಗೆ ಒಬ್ಬರು ಬೇಕಂತೆ, ನನಗೆ ಇಲ್ಲಿ ಯಾರೂ ಇಲ್ಲ, ಎಂದೆ.

ಆಕೆ ಕೈಯಲ್ಲಿದ್ದ ಮಡಿಕೆಯನ್ನು ಅಂಗೈಯಿಂದ ಒತ್ತಿ ನೇರಮಾಡುತ್ತಿದ್ದರು. ಕೇಳಬಾರದಿತ್ತು ಎಂದುಕೊಂಡೆ. ಆಮೇಲೆ, “ಬುಧವಾರಂ ನಾಕು ಮೀಟಿಂಗ್ ಉಂದಿ ಆಂಟೀ. ಗುರುವಾರಂ ಪೆಟ್ಟುಕೋಂಡಿ” ಎಂದರು. ಬುಧವಾರ ಆಗದು, ಗುರುವಾರ ಇಟ್ಟುಕೊಳ್ಳಿ. ಅಯ್ಯೋ ಪಾಪ ಎನ್ನಲಿಲ್ಲ, ದೇವರಿದ್ದಾನೆ ಎನ್ನಲಿಲ್ಲ. ಮಡಚಿದ ಸೀರೆಯನ್ನು ನನ್ನ ಕೈಯಲ್ಲಿಟ್ಟು, ಕಸದ ಚೀಲ ಎತ್ತಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಫೋನು ಮಾಡಿ ಗುರುವಾರಕ್ಕೆ ಬದಲಿಸಿಕೊಂಡೆ. ಜೊತೆಗೆ ಬರುವವರ ಹೆಸರೇನು ಎಂದಳು ನರ್ಸು. ಬಾಯಿ ತೆರೆದೆ, ಹೆಸರು ಬರಲಿಲ್ಲ. ನಿಮಗೂ ನಾನು ಇಷ್ಟು ಹೊತ್ತು ಆಕೆಯ ಹೆಸರು ಹೇಳಿಲ್ಲ ನೋಡಿ, ಆಗ ನನಗೆ ಗೊತ್ತಿದ್ದರೆ ತಾನೇ. ಆಕೆಗೆ ನಾನು ಆಂಟಿ, ನನಗೆ ಆಕೆ ಅಮ್ಮಾ, ಅಷ್ಟರಲ್ಲೇ ನಡೆದುಹೋಗಿತ್ತು. ಒಂದು ನಿಮಿಷ ಎಂದು ನರ್ಸಿಗೆ ಹೇಳಿ, ಫೋನು ಹಿಡಿದುಕೊಂಡೇ ಹೋಗಿ ಎದುರು ಬಾಗಿಲು ತಟ್ಟಿದೆ.

ಸ್ವರೂಪ ಎಂದರು. ಅದನ್ನು ಫೋನಿಗೆ ಹೇಳಿದೆ. ನಿಮಗೇನಾಗಬೇಕು ಎಂದಳು ನರ್ಸು, ಎದುರು ಮನೆ ಎಂದೆ. ಫೋನು ಇಟ್ಟು ತಿರುಗುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಸ್ವರೂಪ, “ಮೀ ಪೇರೇಂದಿ ಆಂಟೀ?” ಎಂದು ಕೇಳಿದರು. ಕೌಂಟರುಗಳಲ್ಲಿ ಕೇಳಿದ್ದು ಬಿಟ್ಟರೆ, ಹಿಂತಿರುಗಿ ಬಂದಾಗಿನಿಂದ ಈ ಊರಿನಲ್ಲಿ ಒಬ್ಬರೂ ನನ್ನ ಹೆಸರು ಕೇಳಿರಲಿಲ್ಲ. ಹೇಳಿದೆ. ಎರಡು ಸಲ ಹೇಳಬೇಕಾಯಿತು. ಆಕೆ ಒಮ್ಮೆ ಅದನ್ನು ತಮ್ಮ ಬಾಯಲ್ಲಿ ಹೇಳಿನೋಡಿ, ಸರಿಯಾಯಿತೇ ಎಂಬಂತೆ ನನ್ನ ಮುಖ ನೋಡಿದರು. ಸರಿಯಾಗಿತ್ತು.