ಆ ಕಡೆಯ ಹುಬ್ಬು

ಸೂಜಕ್ಕ ಎಂದು ಅವಳಿಗೆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಅಂಗಡಿಯ ಬಾಗಿಲ ಮೇಲೆ ಬೇರೇನೋ ದೊಡ್ಡ ಹೆಸರು ಬರೆದಿದೆ. ಆದರೆ ಆ ಬೀದಿಯಲ್ಲಿ ಯಾರನ್ನು ಕೇಳಿದರೂ "ಸೂಜಕ್ಕನ ಅಂಗಡಿ ಅಲ್ವಾ, ಬೀಗ ರಿಪೇರಿಯವನ ಪಕ್ಕ" ಎಂದೇ ದಾರಿ ತೋರಿಸುತ್ತಾರೆ. ಮೂಗು, ಹುಬ್ಬು, ತುಟಿ ಚುಚ್ಚಿ ಉಂಗುರವನ್ನೋ ಹರಳನ್ನೋ ಕೂರಿಸುವುದು ಅವಳ ಕಸುಬು. ಚುಚ್ಚಿದ್ದಕ್ಕಿಂತ ಚುಚ್ಚುವುದಿಲ್ಲವೆಂದು ವಾಪಸು ಕಳಿಸಿದ್ದೇ ಹೆಚ್ಚು ಎಂದು ಬೀಗದವನು ಆಡಿಕೊಳ್ಳುತ್ತಾನೆ. ಬಂದ ಗಿರಾಕಿಯನ್ನು ಹೀಗೆ ಓಡಿಸಿಯೂ ಹನ್ನೊಂದು ವರ್ಷ ಅಂಗಡಿ ನಡೆಸಿಕೊಂಡು ಬಂದವಳನ್ನು ಮೆಚ್ಚದೆ ಇನ್ನೇನು ಮಾಡುವುದು?

ಅದಕ್ಕೆ ಮೊದಲು ಇಪ್ಪತ್ತು ವರ್ಷ ಅವಳು ಕನ್ನಡಕದ ಅಂಗಡಿಯಲ್ಲಿದ್ದಳು. ಫ್ರೇಮಿನ ಕಡ್ಡಿ ಬಗ್ಗಿಸಿ, ಸ್ಕ್ರೂ ಬಿಗಿ ಮಾಡಿ, ಗಿರಾಕಿಯ ಮೂಗಿನ ಮೇಲೆ ಕೂರಿಸಿ ನೋಡುವ ಕೆಲಸ. ಭೂಮಿಯ ಮೇಲೆ ಎರಡೂ ಕಿವಿ ಒಂದೇ ಎತ್ತರದಲ್ಲಿರುವ ಮನುಷ್ಯ ಇಲ್ಲ ಎಂದು ಅವಳು ಕಲಿತದ್ದು ಅಲ್ಲೇ. ಒಬ್ಬರ ಮೂಗು ಆ ಕಡೆ ವಾಲಿದ್ದರೆ ಇನ್ನೊಬ್ಬರ ಹುಬ್ಬು ಈ ಕಡೆ ಜಾರಿರುತ್ತದೆ. ಆದ್ದರಿಂದ ಇವತ್ತಿಗೂ ಅವಳು ಚುಚ್ಚುವ ಜಾಗವನ್ನು ಸ್ಕೇಲು ಹಿಡಿದು ಗುರುತು ಮಾಡುವುದಿಲ್ಲ. ಎದುರಿಗೆ ಕೂರಿಸಿ ಹತ್ತು ನಿಮಿಷ ಏನಾದರೂ ಹರಟೆ ಹೊಡೆಯುತ್ತಾಳೆ. ಮುಖ ತನ್ನ ಪಾಡಿಗೆ ತಾನು ಆಡತೊಡಗಿದ ಮೇಲೆ ನೇರಳೆ ಪೆನ್ನು ತೆಗೆದು ಚುಕ್ಕೆ ಇಡುತ್ತಾಳೆ.

ಅವಳು ಇಷ್ಟೊಂದು ಕಟ್ಟುನಿಟ್ಟಾಗಲು ಅವಳದೇ ತುಟಿ ಕಾರಣ. ಹದಿನಾರನೇ ವಯಸ್ಸಿನಲ್ಲಿ, ಶಾಲೆಯ ಸೈಕಲ್ ಸ್ಟ್ಯಾಂಡಿನ ಹಿಂದೆ, ಗೆಳತಿಯ ಕೈಯಲ್ಲಿ ಬಟ್ಟೆ ಹೊಲಿಯುವ ಸೂಜಿಯಿಂದ ಕೆಳತುಟಿ ಚುಚ್ಚಿಸಿಕೊಂಡಿದ್ದಳು. ಮೂರನೇ ದಿನ ತುಟಿ ಬನ್ನಿನಂತೆ ಊದಿಕೊಂಡು, ಮಾತಾಡಲಾಗದೆ, ಅಪ್ಪನ ಎದುರು ಸ್ಲೇಟಿನ ಮೇಲೆ ಬರೆದು ತಪ್ಪೊಪ್ಪಿಕೊಳ್ಳಬೇಕಾಯಿತು. ಆ ಕಲೆ ಇನ್ನೂ ಇದೆ. ತುಂಬಾ ಅವಸರದ ಹುಡುಗರು ಬಂದರೆ ತುಟಿ ಮಡಚಿ ತೋರಿಸುತ್ತಾಳೆ. ಅರ್ಧ ಜನ ಅಲ್ಲಿಂದಲೇ ಕಾಲಿಗೆ ಬುದ್ಧಿ ಹೇಳುತ್ತಾರೆ.

ಇನ್ನೊಂದು ಪದ್ಧತಿಯನ್ನೂ ಅವಳು ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಒಮ್ಮೆ ಒಬ್ಬ ಲಾರಿ ಡ್ರೈವರಿಗೆ ಹುಬ್ಬು ಚುಚ್ಚಿದ್ದಳು. ಹಳೇ ಅಪಘಾತದಲ್ಲಿ ಅವನ ಹಣೆಗೆ ಸ್ಪರ್ಶಜ್ಞಾನವೇ ಹೋಗಿತ್ತು. ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಟವೆಲಿಗೆ ಉಂಗುರ ಸಿಕ್ಕಿ ಹುಬ್ಬು ಹರಿದು ರಕ್ತ ಕಣ್ಣಿಗೆ ಇಳಿದ ಮೇಲೇ ಅವನಿಗೆ ಗೊತ್ತಾದದ್ದು. ಅವತ್ತಿನಿಂದ ಯಾರೇ ಬರಲಿ, ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯನ್ನು ಹೊಸೆದು ಮುಖದ ಅಲ್ಲಲ್ಲಿ ಮುಟ್ಟಿಸಿ "ಎಲ್ಲಿ?" ಎಂದು ಕೇಳುತ್ತಾಳೆ. ಉತ್ತರ ತಪ್ಪಾದರೆ ಆ ಜಾಗಕ್ಕೆ ಅವಳ ಸೂಜಿ ಹೋಗುವುದಿಲ್ಲ. ಗಿರಾಕಿಗಳು ನಗುತ್ತಾರೆ. ನಗಲಿ ಎಂದು ಅವಳು ತಲೆ ಕೆಡಿಸಿಕೊಳ್ಳುವುದಿಲ್ಲ.

ಒಂದು ಮಧ್ಯಾಹ್ನ ತಾಯಿ ಮಗಳು ಇಬ್ಬರು ಒಳಗೆ ಬಂದರು. ತಾಯಿ ಶರ್ಟಿನ ಕಾರ್ಖಾನೆಯಲ್ಲಿ ಕಾಲರು ಹೊಲಿಯುವವಳು. ಊಟದ ಬಿಡುವಿನಲ್ಲಿ ಅನುಮತಿ ಕೇಳಿ ಬಂದಿದ್ದಳು, ತೋಳಿಗೆ ಬಿಳಿ ನೂಲು ಅಂಟಿಕೊಂಡೇ ಇತ್ತು. ಮಗಳಿಗೆ ಹದಿನಾರು. ಐದು ವರ್ಷದ ಹಿಂದೆ ಜ್ವರ ಬಂದು ಹೋದ ಮೇಲೆ ಅವಳ ಮುಖದ ಎಡಭಾಗ ಆಡುವುದನ್ನು ನಿಲ್ಲಿಸಿತ್ತು. ನಕ್ಕರೆ ಬಲತುಟಿ ಒಂದೇ ಏಳುತ್ತಿತ್ತು, ಎಡಹುಬ್ಬು ಜಾರಿದ್ದು ಜಾರಿದಲ್ಲೇ ಇರುತ್ತಿತ್ತು.

ತಾಯಿ ಕುರ್ಚಿಯ ತುದಿಯಲ್ಲಿ ಕೂತು ಶುರು ಮಾಡಿದಳು. "ಒಂದು ವರ್ಷದಿಂದ ತಲೆ ತಿಂತಿದಾಳೆ ಮೇಡಂ. ಸರಿ, ಹುಬ್ಬಿಗೆ ಉಂಗುರ ತಾನೇ, ಹಾಕಿಬಿಡಿ. ಆದ್ರೆ ಈ ಕಡೆ." ಅವಳು ಬಲಹುಬ್ಬು ತೋರಿಸಿದಳು.

"ಎಡಕ್ಕೆ," ಎಂದಳು ಹುಡುಗಿ.

"ಬಲಕ್ಕಾದ್ರೆ ಸೈನ್ ಹಾಕ್ತೀನಿ. ಇಲ್ದಿದ್ರೆ ಎದ್ದು ನಡಿ ಮನೆಗೆ."

ಹದಿನೆಂಟು ತುಂಬದವರಿಗೆ ಮನೆಯವರ ಸಹಿ ಇಲ್ಲದೆ ಸೂಜಕ್ಕ ಪೆನ್ನನ್ನೂ ಮುಟ್ಟುವುದಿಲ್ಲ. ಹುಡುಗಿಗೆ ಅದು ಗೊತ್ತಿತ್ತು. ತಾಯಿಗೂ ಗೊತ್ತಿತ್ತು, ಅದಕ್ಕೇ ಅವಳ ದನಿಯಲ್ಲಿ ಅಷ್ಟು ಜೋರು.

"ಎಡಕ್ಕೇ ಯಾಕಮ್ಮಾ?" ಎಂದು ಸೂಜಕ್ಕ ಹುಡುಗಿಯನ್ನೇ ಕೇಳಿದಳು.

"ಬಸ್ಸಲ್ಲಿ ಎಲ್ರೂ ಆ ಕಡೇನೇ ನೋಡ್ತಾರಕ್ಕ. ನಾನು ತಿರುಗಿ ನೋಡಿದ್ರೆ ತಕ್ಷಣ ಕಿಟಕಿ ಕಡೆ ಮುಖ ಮಾಡ್ತಾರೆ. ಹೇಗಿದ್ರೂ ನೋಡೋದು ನೋಡ್ತಾರಲ್ಲ, ನಾನು ಇಟ್ಟಿದ್ದನ್ನ ನೋಡ್ಲಿ."

ಸೂಜಕ್ಕನಿಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ ಎದ್ದು ಹುಡುಗಿಯ ಬೆನ್ನು ತಟ್ಟಿಬಿಡಬೇಕೆನಿಸಿತು. ಹನ್ನೊಂದು ವರ್ಷದಲ್ಲಿ ಅವಳು ಕೇಳದ ಕಾರಣವಿರಲಿಲ್ಲ. ಗೆಳತಿ ಹಾಕಿಸಿಕೊಂಡಿದ್ದಾಳೆ, ಹುಡುಗನಿಗೆ ಇಷ್ಟ, ಅಪ್ಪನಿಗೆ ಉರಿಯಲಿ ಅಂತ. ಇಂಥ ಮಾತು ಯಾರೂ ಆಡಿರಲಿಲ್ಲ. ಆದರೆ ಚುಚ್ಚಬೇಕೋ ಬೇಡವೋ ತೀರ್ಮಾನವಾಗುವವರೆಗೆ ಅವಳು ಮುಖ ಗಂಟಿಕ್ಕಿಕೊಂಡೇ ಇರುತ್ತಾಳೆ.

"ಡಾಕ್ಟ್ರನ್ನ ಕೇಳಿದ್ಯಾ?"

ಹುಡುಗಿ ಬ್ಯಾಗಿನಿಂದ ಮಡಚಿದ ಚೀಟಿ ತೆಗೆದು ಕೊಟ್ಟಳು. ಅಡ್ಡಿಯಿಲ್ಲ, ಕಣ್ಣು ಜೋಪಾನ ಎಂದು ಎರಡೇ ಸಾಲು ಇತ್ತು. ಒಬ್ಬಳೇ ಆಸ್ಪತ್ರೆಗೆ ಹೋಗಿ ಬರೆಸಿಕೊಂಡು ಬಂದಿದ್ದಾಳೆಂದು ತಾಯಿಗೆ ಗೊತ್ತಾದದ್ದೂ ಆಗಲೇ. ಅವಳು ಚೀಟಿ ಓದಿ ಬೇಡವೆಂಬಂತೆ ತಲೆಯಾಡಿಸಿದಳು.

"ಚೀಟಿ ಏನಾದ್ರೂ ಹೇಳ್ಲಿ ಮೇಡಂ. ಆ ಕಡೆ ಇವಳಿಗೆ ಏನೂ ಗೊತ್ತಾಗಲ್ಲ. ನರ ಹೋಗಿದೆ ಅಂತ ಅವತ್ತೇ ಹೇಳಿದ್ರು. ಆ ಕಡೆ ಅನ್ನೋದು ಸತ್ತ ಹಾಗೇ."

ಸೂಜಕ್ಕ ನೇರಳೆ ಪೆನ್ನಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಟ್ಟಳು. "ಗೊತ್ತಾಗ್ದೆ ಇರೋ ಜಾಗ ಆದ್ರೆ ನಾನು ಚುಚ್ಚಲ್ಲ. ಸೈನ್ ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ."

"ಗೊತ್ತಾಗುತ್ತೆ ಅಕ್ಕಾ!" ಹುಡುಗಿ ಕುರ್ಚಿಯಿಂದ ಅರ್ಧ ಎದ್ದಳು.

"ಸುಮ್ನಿರೇ. ಉಂಗುರದ ಆಸೆಗೆ ಸುಳ್ಳು ಹೇಳ್ಬೇಡ," ಎಂದಳು ತಾಯಿ.

ಹುಡುಗಿಯ ಬಲತುಟಿ ನಡುಗಿತು. ಈ ಹುಡುಗಿ ಹೇಳುತ್ತಿರುವುದು ಸುಳ್ಳೇ ಆಗಿದ್ದರೆ ಇವಳನ್ನು ಬರಿಗೈಯಲ್ಲಿ ಕಳಿಸಬೇಕಲ್ಲ ಎಂದುಕೊಂಡಳು ಸೂಜಕ್ಕ. ಆದರೂ ಅವಳು ಡಬ್ಬಿಯಿಂದ ಹತ್ತಿ ತೆಗೆದಳು. ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲವೆಂದು ಕಂಡು, ಒಗೆದ ಬಿಳಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹುಡುಗಿಯ ಎರಡೂ ಕಣ್ಣಿನ ಮೇಲೆ ಹಗುರವಾಗಿ ಹಾಸಿದಳು. ಬಟ್ಟೆಯಂಚು ಹುಬ್ಬಿಗೆ ತಾಗದ ಹಾಗೆ ಕೆಳಗೆ ಸರಿಸಿದಳು. ಹತ್ತಿಯನ್ನು ಬೆರಳಲ್ಲಿ ಹೊಸೆದಳು.

"ಎಲ್ಲಿ?"

"ಬಲಗೆನ್ನೆ."

"ಎಲ್ಲಿ?"

"ಗದ್ದ."

"ಎಲ್ಲಿ?"

"ಎಡಗೆನ್ನೆ. ಕಿವಿ ಹತ್ರ."

ತಾಯಿ ಕುರ್ಚಿಯಿಂದ ಎದ್ದು ನಿಂತಳು. ಊಹಿಸಿ ಹೇಳುತ್ತಿರಬಹುದೆಂದು ಸೂಜಕ್ಕ ಮುಟ್ಟದೆಯೇ ಒಮ್ಮೆ "ಎಲ್ಲಿ?" ಎಂದಳು.

"ನೀವು ಮುಟ್ಟೇ ಇಲ್ಲ."

ಸೂಜಕ್ಕ ಹತ್ತಿಯನ್ನು ತಾಯಿಯ ಕೈಗೆ ಕೊಟ್ಟು, ಸದ್ದು ಮಾಡದೆ, ನೀವೇ ನೋಡಿ ಎಂದು ಸನ್ನೆ ಮಾಡಿದಳು. ದಿನಕ್ಕೆ ನೂರಾರು ಕಾಲರಿನ ಮೂಲೆ ತಿರುವುವ ಬೆರಳುಗಳು ಆ ಚಿಟಿಕೆ ಹತ್ತಿಯನ್ನು ಹಿಡಿಯಲಾಗದೆ ಒದ್ದಾಡಿದವು. ಕೊನೆಗೆ ಅದು ಎಡಹುಬ್ಬಿನ ಕೊನೆಗೆ ತಾಗಿತೋ ಇಲ್ಲವೋ ಎಂಬಂತೆ ತಾಗಿತು.

"ಹುಬ್ಬಿನ ತುದಿ," ಎಂದಳು ಹುಡುಗಿ. ಒಂದು ಕ್ಷಣ ಬಿಟ್ಟು, "ಅಮ್ಮಾ, ನೀನಾ? ಕೈ ಯಾಕೆ ನಡುಗ್ತಿದೆ?" ಎಂದು ಕೇಳಿದಳು.

ತಾಯಿ ಬಟ್ಟೆಯನ್ನು ಎಳೆದು ತೆಗೆದಳು. "ಯಾವಾಗಿಂದ?"

"ಏನು ಯಾವಾಗಿಂದ? ಯಾವಾಗ್ಲೂ. ಅಲ್ಲಾಡಲ್ಲ ಅಷ್ಟೇ. ಗಾಳಿ ಬಂದ್ರೆ ಗೊತ್ತಾಗುತ್ತೆ, ಸೊಳ್ಳೆ ಕಚ್ಚಿದ್ರೂ ಗೊತ್ತಾಗುತ್ತೆ."

"ಐದು ವರ್ಷ! ಒಂದು ಮಾತು ಹೇಳ್ಬಾರ್ದಿತ್ತೇನೇ?"

"ನೀನು ಕೇಳ್ಲೇ ಇಲ್ವಲ್ಲ." ಹುಡುಗಿ ತನ್ನ ಮೊಣಕಾಲನ್ನು ನೋಡುತ್ತಾ ಹೇಳಿದಳು. "ಜ್ವರ ಹೋದ್ಮೇಲೆ ನೀನು ಆ ಕಡೆ ಮುಟ್ಟೋದೇ ಬಿಟ್ಟೆ. ತಲೆ ಬಾಚಿದ್ರೂ, ಮುತ್ತು ಕೊಟ್ರೂ ಎಲ್ಲಾ ಈ ಕಡೆಗೇ. ನಿಂಗೆ ಅಸಹ್ಯ ಆಗುತ್ತೇನೋ ಅಂದ್ಕೊಂಡೆ."

ತಾಯಿ ಮಗಳ ಕಡೆ ಬಗ್ಗಿದಳು. "ಅಸಹ್ಯಾನಾ? ನಿನ್ನ ಮುಖ ನಂಗೆ ಅಸಹ್ಯಾನಾ ಕಂದಾ? ಮುಟ್ಟಿದ್ರೆ ಅಲ್ಲೇನೂ ಗೊತ್ತಾಗಲ್ಲ ಅನ್ನೋದು ನಿಂಗೆ ನೆನಪಾಗುತ್ತೆ, ನೊಂದ್ಕೋತೀಯ ಅಂತ ಕಣೇ ನಾನು…"

ಇಂಥ ಹೊತ್ತಿನಲ್ಲಿ ಮೂರನೆಯವರು ಏನು ಮಾಡಬೇಕೆಂದು ಯಾವ ಕಸುಬೂ ಕಲಿಸುವುದಿಲ್ಲ. ಸೂಜಕ್ಕ ಎದ್ದು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರನ್ನು ನಾಳೆ ಬನ್ನಿ ಎಂದು ಸಾಗಹಾಕಿದಳು. ಅವರು ಗೊಣಗಿಕೊಂಡು ಹೋದರು. ಒಳಗೆ ಬಂದು ಬೇಸಿನ್ನಿನ ಕಡೆ ತಿರುಗಿ ಕೈ ತೊಳೆಯತೊಡಗಿದಳು. ಎರಡು ನಿಮಿಷಕ್ಕೆ ಮುಗಿಯುವ ಕೆಲಸವನ್ನು ಉಗುರು, ಬೆರಳ ಸಂದು, ಮಣಿಕಟ್ಟು ಎಂದು ಎಳೆಯುತ್ತಾ ಹೋದಳು. ಬೆನ್ನು ಹಾಕಿಕೊಂಡೇ ಹೇಳಿದಳು:

"ನೋಡೀಮ್ಮಾ, ಚುಚ್ಚಿದ್ಮೇಲೆ ಗಾಯ ಮಾಗೋವರೆಗೂ ಆ ಹುಬ್ಬನ್ನ ಯಾರೂ ಮುಟ್ಟೋ ಹಾಗಿಲ್ಲ. ವಾರಗಟ್ಟಲೆ ಆಗುತ್ತೆ. ಮುಟ್ಟೋದಿದ್ರೆ ಈಗ್ಲೇ ಮುಟ್ಟಿಬಿಡಿ. ನಂಗೇನೂ ಅವಸರ ಇಲ್ಲ."

ಬೇಸಿನ್ನಿನ ಮೇಲಿದ್ದ ಕನ್ನಡಿಯಲ್ಲಿ, ನೋಡಬಾರದೆಂದುಕೊಂಡರೂ, ಅವಳಿಗೆ ಕಂಡಿತು. ತಾಯಿ ಮಂಡಿಯೂರಿ ಕೂತು ಮಗಳ ಎಡಗಡೆಯನ್ನು ಹಣೆಯಿಂದ ಗದ್ದದವರೆಗೆ ಬೆರಳ ತುದಿಯಲ್ಲಿ ಸವರುತ್ತಿದ್ದಳು. ಪ್ರತಿ ಸಲವೂ "ಇಲ್ಲಿ?" ಎಂದು ಪಿಸುಗುಡುತ್ತಿದ್ದಳು. "ಹ್ಞೂಂ," ಎನ್ನುತ್ತಿದ್ದಳು ಮಗಳು. "ಇಲ್ಲಿ?" "ಹ್ಞೂಂ ಅಮ್ಮಾ, ಅಲ್ಲೂ." ಸೂಜಕ್ಕ ನಲ್ಲಿ ನಿಲ್ಲಿಸಲೇ ಇಲ್ಲ.

ಆಮೇಲೆ ತಾಯಿ ತಾನಾಗಿಯೇ ಒಪ್ಪಿಗೆಯ ಹಾಳೆ ಕೇಳಿ ಪಡೆದಳು. ಯಾವ ಕಡೆ ಎಂಬ ಜಾಗದಲ್ಲಿ ಎಡ ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದಳು. ಸೂಜಕ್ಕ ಹುಡುಗಿಯನ್ನು ಕೂರಿಸಿ ಹರಟೆಗೆ ಎಳೆದಳು. ಹುಡುಗಿ ನಗುವಾಗ ಬಲಹುಬ್ಬು ಏರಿಳಿಯಿತು, ಎಡದ್ದು ಇದ್ದಲ್ಲೇ ಇತ್ತು. "ಇದು ನನ್ನ ಮಾತು ಕೇಳೋ ಹುಬ್ಬು, ಅಲ್ಲಾಡದೆ ಕೂರುತ್ತೆ," ಎಂದು ತಮಾಷೆ ಮಾಡುತ್ತಾ ಸೂಜಕ್ಕ ಚುಕ್ಕೆ ಇಟ್ಟಳು. ಕೈಗವಸು ಹಾಕಿಕೊಂಡಳು. ಬಿಸಿ ಆವಿಯಲ್ಲಿ ಶುದ್ಧಿ ಮಾಡಿಟ್ಟಿದ್ದ ಪೊಟ್ಟಣ ಹರಿದು ಸೂಜಿ ತೆಗೆದಳು.

"ಉಸಿರು ಎಳ್ಕೋ. ಬಿಡು."

"ಅಮ್ಮಾ!" ಹುಡುಗಿ ಕಿರುಚಿದ್ದು ಬೀಗದವನಿಗೂ ಕೇಳಿಸಿತು.

"ನೋವಾಯ್ತಾ?" ತಾಯಿ ಅವಳ ಕೈ ಹಿಚುಕಿದಳು.

"ಆಯ್ತು! ತುಂಬಾ ಆಯ್ತು!"

"ಆಯ್ತಾ? ನಿಜವಾಗ್ಲೂ ತುಂಬಾ ಆಯ್ತಾ?" ಎಂದು ತಾಯಿ ಮತ್ತೆ ಮತ್ತೆ ಕೇಳಿದಳು. ಅವಳು ನಗುತ್ತಿದ್ದಳು, ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು. ಮಗಳಿಗೆ ನೋವಾಯಿತೆಂದು ಇಷ್ಟು ಸಂತೋಷಪಟ್ಟ ತಾಯಿಯನ್ನು ಸೂಜಕ್ಕ ಈ ಕಸುಬಿಗೆ ಬಂದ ಮೇಲೆ ನೋಡಿರಲಿಲ್ಲ. ಉಂಗುರ ಕೂರಿಸಿ ರಕ್ತ ಒರೆಸಿದ್ದೇ ತಡ, ತಾಯಿ ಮಗಳ ಮುಖದ ಮೇಲೆ ಬಗ್ಗಿದಳು.

"ಹುಬ್ಬಿನ ಹತ್ರ ಬೇಡ!" ಎಂದು ಸೂಜಕ್ಕ ಗದರಿದಳು. "ಕೊಡೋದಿದ್ರೆ ಕೆಳಗೆ ಕೊಡಿ."

ತಾಯಿ ಎಡಗೆನ್ನೆಗೆ ಮುತ್ತು ಕೊಟ್ಟಳು.