ಹಾಡಿನಲ್ಲಿ ಇಲ್ಲದವರನ್ನು ಹುಡುಕಿದ ಬಾಬಣ್ಣ

ಬಾಬಣ್ಣನಿಗೆ ಯಾವ ಕಥೆ ಹೇಳಿದರೂ ಅವರು ಮೊದಲು ವಿಚಾರಿಸುತ್ತಿದ್ದದ್ದು ಅದರಲ್ಲಿ ಇಲ್ಲದವರನ್ನು. ಬಂಟ್ವಾಳ ಪೇಟೆಯಲ್ಲಿ ಅವರದೊಂದು ಟೈಲರ್ ಅಂಗಡಿ. "ರಾಜ ಪಟ್ಟಕ್ಕೆ ಕೂತ, ಸರಿ. ಅವನ ಅಂಗಿ ಹೊಲಿದವ ಎಲ್ಲಿ ಹೋದ ಮಾಸ್ಟ್ರೇ?" ಎಂದು ತುಟಿಯಲ್ಲಿ ಕಚ್ಚಿದ ಗುಂಡುಸೂಜಿಗಳ ನಡುವಿನಿಂದಲೇ ಕೇಳುತ್ತಿದ್ದರು.

ಐವತ್ತರ ದಶಕದ ಕೊನೆ. ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಅವರು ಓದಿದ್ದು ಐದನೇ ತರಗತಿ. ಹೆಂಚಿನ ಕಾರ್ಖಾನೆಯ ಗೆಳೆಯರು ಕೊಟ್ಟ ಮಾರ್ಕ್ಸ್‌ವಾದದ ಪುಸ್ತಿಕೆಗಳನ್ನು ಬಟ್ಟೆ ಕತ್ತರಿಸುವ ಮೇಜಿನಡಿ ಇಟ್ಟುಕೊಂಡು, ಅರ್ಥವಾಗದ ಸಾಲಿಗೆ ನೀಲಿ ಚಾಕಿನಲ್ಲಿ ಗೆರೆ ಎಳೆದು ನನಗೆ ತೋರಿಸುತ್ತಿದ್ದರು. ನನಗೂ ಅರ್ಥವಾಗುತ್ತಿರಲಿಲ್ಲ. ಆದರೆ ಅಜ್ಜಿಕಥೆಯ ಏಳುಪ್ಪರಿಗೆಯ ಮನೆಗೆ ಕಲ್ಲು ಹೊತ್ತವರು ಯಾರು, ಬಯಲಾಟದಲ್ಲಿ ನಗೆಪಾಟಲು ಯಾಕೆ ಯಾವಾಗಲೂ ಚಾಕರಿಯವನ ಪಾಲಿಗೆ ಎಂದೆಲ್ಲ ಅವರು ಕೇಳುವಾಗ ಏನೋ ತಿಳಿದಂತಾಗುತ್ತಿತ್ತು. "ಇದ್ದಾನೆ ಮಾರಾಯ್ರೆ. ಹೊಲಿಗೆ ಒಳಬದಿಯಲ್ಲಿ ಇರ್ತದೆ, ಹೊರಗೆ ಕಾಣುವುದಿಲ್ಲ" ಎನ್ನುತ್ತಿದ್ದರು.

ಅವರನ್ನು ಅಪ್ಪಿಯಕ್ಕನ ಹಾಡು ಕೇಳಲು ಕರೆದೊಯ್ದವನು ನಾನೇ. ಬೆಳ್ತಂಗಡಿ ದಾರಿಯಲ್ಲಿ ಒಂದು ದೊಡ್ಡ ಮನೆತನದ ಗದ್ದೆಯನ್ನು ಆಕೆ ಚಾಲಗೇಣಿಗೆ ಮಾಡುತ್ತಿದ್ದರು. ಅಂದರೆ ವರ್ಷ ವರ್ಷವೂ ಧನಿಗಳು 'ಆಗಲಿ' ಅಂದರೆ ಮಾತ್ರ ಗದ್ದೆ. ಧನಿಗಳ ಸ್ವಂತ ಗದ್ದೆಯ ನಾಟಿಗೂ ಆಕೆಯೇ ಮುಂದಾಳು. ಆಕೆ ತುಳುವಿನಲ್ಲಿ ಪಾಡ್ದನದ, ಅಂದರೆ ಕಥೆಹಾಡಿನ, ಒಂದು ಸಾಲು ಎತ್ತಿದರೆ, ಉಳಿದ ಹೆಂಗಸರು ಅದನ್ನೇ ಹಾಡುತ್ತ ನೇಜಿಯ ಸಸಿ ನೆಟ್ಟು ಹಿಂದೆ ಸರಿಯುವರು. ಆ ದಿನದ ಕಥೆಯಲ್ಲಿ, ಬಸುರಿ ಆಳೊಬ್ಬಳು ಗಂಜಿ ಕೇಳಿದಾಗ ಒಂದು ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಯಾವ ಮನೆಯೆಂದು ಹಾಡಿನಲ್ಲಿಲ್ಲ. ಆ ಜಾಗಕ್ಕೆ ಅಪ್ಪಿಯಕ್ಕ ಧನಿಗಳ ಮನೆಯ ಹೆಸರನ್ನೇ ಸೇರಿಸಿದರು. ಹೆಂಗಸರು ತಲೆ ಎತ್ತದೆ ನಕ್ಕರು. ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಧನಿಗಳು ಆಚೆ ನೋಡುತ್ತಿದ್ದರು.

ಬಾಬಣ್ಣನಿಗೆ ಕೊನೆಗೂ ಒಳಹೊಲಿಗೆ ಕಂಡಿತ್ತು. ವಾರಪತ್ರಿಕೆಯೊಂದಕ್ಕೆ ಲೇಖನ ಬರೆದರು; ಹಾಡನ್ನು ಕನ್ನಡಕ್ಕೆ ತಂದು ಶುದ್ಧಪ್ರತಿ ಮಾಡಿದವನು ನಾನು. ಆಕೆಗೆ ತೊಂದರೆಯಾಗಬಾರದೆಂದು ಆಕೆಯ ಹೆಸರನ್ನೂ ಊರಿನ ಹೆಸರನ್ನೂ ಬಿಟ್ಟೆವು. ಧನಿಗಳ ಮನೆಯ ಹೆಸರನ್ನೂ ಬಿಡುವ ಎಂದೆ.

"ಅದನ್ನು ತೆಗೆದ್ರೆ ಬರೀ ಕಥೆ ಆಗ್ತದೆ. ಇದ್ರೆ ಸಾಕ್ಷಿ."

ನಾನು ಇನ್ನೊಮ್ಮೆ ಹೇಳಲಿಲ್ಲ. ನನ್ನ ಕೈಬರಹದಲ್ಲೇ ಅದು ಅಚ್ಚಿಗೆ ಹೋಯಿತು. ಆ ಮನೆಯ ಗದ್ದೆಯಲ್ಲಿ ಹಾಡು ಎತ್ತುವವರು ಒಬ್ಬರೇ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ವರ್ಷ ಧನಿಗಳು 'ಆಗಲಿ' ಅನ್ನಲಿಲ್ಲ.

ಅಪ್ಪಿಯಕ್ಕ ಮೂಡುಬಿದಿರೆಯ ಹತ್ತಿರ ತಂಗಿಯ ಮನೆ ಸೇರಿ ಬೀಡಿ ಕಟ್ಟತೊಡಗಿದ್ದರು. ನಾವಿಬ್ಬರೂ ಹೋದೆವು. ತಪ್ಪಾಯಿತು ಎಂದರು ಬಾಬಣ್ಣ. ಆಕೆ ಮಡಿಲ ಮೇಲಿನ ಮೊರದಿಂದ ಕಣ್ಣೆತ್ತಲಿಲ್ಲ.

"ಹೆಸರು ಸೇರಿಸಿ ಹಾಡುವುದು ನನ್ನ ಅಮ್ಮನ ಕಾಲದಿಂದ ಉಂಟು. ಧನಿಗಳಿಗೂ ಗೊತ್ತಿತ್ತು. ಕೇಳದ ಹಾಗೆ ನಿಲ್ತಿದ್ರು. ನೀವು ಪೇಪರಲ್ಲಿ ಹಾಕಿದ್ರಿ, ಅವರು ಕೇಳ್ಲೇಬೇಕಾಯ್ತು."

ಅಂಥ ಹೊತ್ತಿನಲ್ಲೂ ಬಾಬಣ್ಣನ ಬಾಯಿಂದ ಪ್ರಶ್ನೆ ಹೊರಟಿತು. "ಯಾಕೆ ಕೇಳದ ಹಾಗೆ?"

"ನಾಟಿ ಮುಗೀಬೇಕಲ್ಲ ಅವರಿಗೆ."

ಬಾಬಣ್ಣನ ಕೈ ಕಿವಿಯ ಮೇಲಿನ ಪೆನ್ಸಿಲಿಗೆ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ನಿಂತು, ಬರಿದೇ ಕೆಳಗಿಳಿಯಿತು. ಆಮೇಲೆ ಅವರು ಏನನ್ನೂ ಬರೆಯಲಿಲ್ಲ.

ಕೊನೆಯ ಸಲ ಬಾಬಣ್ಣ ಸಿಕ್ಕಿದ್ದು ಬಂಟ್ವಾಳದ ಪಕ್ಕದ ಬಿ.ಸಿ.ರೋಡಿನಲ್ಲಿ, ನಾನು ವರ್ಗವಾಗಿ ಹೋದ ಎಷ್ಟೋ ವರ್ಷಗಳ ಮೇಲೆ. ಮೂಡುಬಿದಿರೆ ಬಸ್ಸಿಗೆ ಕಾಯುತ್ತಿದ್ದರು. ಕೈಚೀಲದಲ್ಲಿ ಬೀಡಿ ಕಟ್ಟುವ ನೂಲಿನ ಉಂಡೆಗಳು. ತಿಂಗಳಿಗೊಮ್ಮೆ ಅಪ್ಪಿಯಕ್ಕನಿಗೆ ಕೊಟ್ಟು ಬರುವುದು ರೂಢಿಯಾಗಿತ್ತಂತೆ. ಈಗಲೂ ಹಾಡುತ್ತಾರಾ ಎಂದು ಕೇಳಿದೆ.

"ಹಾಡ್ತಾರೆ. ಬೀಡಿಯ ಹೆಂಗಸರೆಲ್ಲ ಸೇರಿ."

"ಆ ಬಾಗಿಲು ಮುಚ್ಚುವಲ್ಲಿ ಈಗ ಯಾರ ಮನೆಯ ಹೆಸರು?"

ಬಸ್ಸು ಬಂತು. ಅವರು ಚೀಲವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದರು.

"ಬಂಟ್ವಾಳದ ಟೈಲರನದ್ದು, ಮಾಸ್ಟ್ರೇ. ನಾನು ಆಚೆ ನೋಡ್ತಾ ಕೂತ್ಕೊಳ್ತೇನೆ."